ತಾಯಿಬಾವಿ

ಇಪ್ಪತ್ತೊಂದು ದಿನಕ್ಕೊಮ್ಮೆ ಜೈನಬ್ ಬರ್ತಾಳ
ನೌಬಾದಿನಿಂದ ಟಂಟಂದಾಗ, ಅಪ್ಪನ ಸಂಗಟ.
ಎಡಗೈ ಚಾಚಿ, ಮುಖ ಗೋಡಿ ಕಡೆ ತಿರುವಿ
"ಇವತ್ತು ಯಾರ ರಗತ, ಸುಗುಣಾ ಆಂಟಿ?" ಅಂತಾಳ.
ಹೆಸರು ಹೇಳೂ ಹಂಗಿಲ್ಲ, ಚೀಲದ ಮ್ಯಾಲ ನಂಬರ್ ಅಷ್ಟೇ.
ಆದ್ರೂ ಒಂದು ಕತಿ ಕಟ್ತೀನಿ:
ಹೋದ ಸಲ ಹುಮನಾಬಾದಿನ ಲಾರಿ ಡ್ರೈವರ್,
ಈ ಸಲ ದನದ ಡಾಕ್ಟರ್ ಆಗ್ಲಿಕ್ಕ ಓದೂ ಹುಡುಗ,
ಕೊಟ್ಟು ಎದ್ದಾಂವ ತಲಿ ತಿರುಗಿ ಮತ್ತ ಮಲಗಿದ,
ನಾಕು ಬಿಸ್ಕೀಟು ತಿಂದ.
ನಗ್ತಾಳ. ನಗೂದ್ರಾಗ ಸೂಜಿ ಒಳಗ.

ಒಂಬತ್ತು ವರ್ಷ. ನೂರಾ ಮೂವತ್ತೆಂಟು ಚೀಲ.
ಮಂದಿ ರಗತ ಬಂದು ಸವದು ಹೋಗ್ತದ,
ಅದರ ಕಬ್ಬಿಣ ಮಾತ್ರ ಹೋಗಂಗಿಲ್ಲ,
ಯಕೃತ್ತಿನಾಗ ಕುಂತುಬಿಡ್ತದ, ಬಾಡಿಗಿ ಕೊಡದಾಂವನಂಗ.
ಬೀದರಿನ ಕೆಂಪುಕಲ್ಲಿನಾಗೂ ಅದೇ ಕಬ್ಬಿಣ.
ಮಳಿ ಬಿದ್ದು ಗಟಾರ ಕೆಂಪಾಗಿ ಹರದಾಗ
ನನಗ ನನ್ನ ಫ್ರಿಜ್ ನೆನಪಾಗ್ತದ.

ಅಪ್ಪ ಖದೀರ್ ಸುರಂಗಬಾವಿ ಹೂಳು ತೆಗಿಯಾಂವ.
ಹಗ್ಗ ಹಿಡಿದು ಇಳದು, ಕತ್ತಲದಾಗ ಮೊಣಕಾಲೂರಿ
ಬುಟ್ಟಿ ಬುಟ್ಟಿ ಮಣ್ಣು ಮ್ಯಾಲ ಕಳಸ್ತಾನ.
ಅವನ ಉಗುರು ಕೆಂಪು. ಮಗಳ ಉಗುರು ಬಿಳಿ.

ಅವತ್ತು ಹೊಸ ಡಾಕ್ಟರ್, ಹುಲಸೂರಕರ್ ಅಂತ,
ಕ್ರಾಸ್‌ಮ್ಯಾಚ್ ಚೀಟಿ ಹಿಂದ ಚಿತ್ರ ಬರದು ಹೇಳಿದ:
ರಗತ ಹುಟ್ಟೂದು ಎಲುಬಿನ ಒಳಗ, ಅಲ್ಲಿ ತಾಯಿಕಣ ಅವ.
ಅವನ್ನ ಹೊರಗ ತಗೀತಾರ.
ಒಂದು ವೈರಸ್ ಹಿಡದು ಅದರ ರೋಗ ಬಗದು ಚೆಲ್ತಾರ,
ಖಾಲಿ ಒಡಲಾಗ ತಪ್ಪಿಲ್ಲದ ಒಂದು ಜೀನು ಇಡ್ತಾರ.
ವೈರಸ್ಸಿಗಿ ಒಂದೇ ವಿದ್ಯಾ, ಬಾಗಿಲು ತಗಿಯೂದು.
ಒಳಗ ಹೊಕ್ಕು, ತಾಯಿಕಣದ ಪುಸ್ತಕದಾಗ
ಆ ಒಂದು ಸಾಲು ಹೊಲದು
ಅಲ್ಲೇ ಕರಗಿ ಹೋಗ್ತದ.

ಯಾವ ವೈರಸ್, ಅಂದೆ.
ದನಿ ಇಳಿಸಿ ಹೆಸರು ಹೇಳಿದ.
ಇಪ್ಪತ್ತೆರಡು ವರ್ಷ ಪ್ರತಿ ಚೀಲದಾಗೂ ನಾ ಹುಡುಕಿದ ಹೆಸರು,
ಸಿಕ್ಕರ ಕೆಂಪು ಪಟ್ಟಿ ಹಚ್ಚಿ ಸುಡಲಿಕ್ಕ ಕಳಿಸಿದ ಹೆಸರು.
ಒಬ್ಬಾಕಿ, ಭಾಲ್ಕಿ ಕಡ್ಯಾಕಿ, ಅದನ್ನ ಕೇಳಿ
ಕುರ್ಚಿ ಬಿಟ್ಟು ನೆಲದ ಮ್ಯಾಲ ಕುಂತಿದ್ದಳು,
ಚಪ್ಪಲಿ ಬಾಜೂಕ ಜೋಡಿಸಿಟ್ಟು.

ಜೈನಬ್ ಗೋಡಿ ಕಡೆಯಿಂದ ಮುಖ ತಿರುವಿ ಕೇಳಿದಳು:
"ಒಳಗ ಹೋದಾಂವಗ ಹಳೇ ಕೆಲಸ ನೆನಪಾದ್ರ?"
ನೆನಪೇ ಕಿತ್ತು ತಗದಿರ್ತಾರವ್ವ, ಅಂದ ಡಾಕ್ಟರ್.
ಆದ್ರ ಸಾಲು ಯಾವ ಪುಟದಾಗ ಬಿದ್ದೀತು
ಖಾತ್ರಿ ಹೇಳಲಿಕ್ಕ ಬರಂಗಿಲ್ಲ, ತಪ್ಪು ಪುಟದಾಗ ಬಿತ್ತಂದ್ರ...
ಪೆನ್ನಿನ ಟೋಪಿ ಹಾಕಿದ.
ಮೊದಲ ಎಲುಬಿನಾಗಿನ ಹಳೇದು ಔಷಧ ಹಾಕಿ ಸುಡಬೇಕು,
ಕೂದಲು ಉದುರ್ತಾವ.
ಜೈನಬ್ ಜಡಿ ಮುಂದಕ ಎಳಕೊಂಡಳು.

ಖದೀರ್ ಇಲ್ಲೀತನಕ ಸುಮ್ಮನಿದ್ದಾಂವ
"ತಾಯಿಬಾವಿ" ಅಂದ.
"ಸುರಂಗದ ತಲಿಗಿ ಇರ್ತದ ಡಾಕ್ಟರ್ ಸಾಬ್.
ಕೆಳಗಿನ ಬಾವಿಗಿ ಟ್ಯಾಂಕರ್ ನೀರು ಎಷ್ಟು ಸುರುವಿದ್ರೇನು?
ತಲಿಗಿ ಹೋಗಿ ಸೆಲಿ ಬಿಡಿಸಬೇಕು."
ಆಮ್ಯಾಲ ಕೇಳಿದ, ಎಷ್ಟಾಗ್ತದ.
ಡಾಕ್ಟರ್ ಚೀಟಿ ಮಡಚಿದ, ಬಿಚ್ಚಿದ, ಮತ್ತ ಮಡಚಿದ.
ಈ ಕಡೆ ಇನ್ನಾ ಬಂದಿಲ್ಲ, ಬರಬಹುದು, ಅಂದ.
ಬರಬಹುದು.
ಆ ಚೀಟಿ ಖದೀರ್ ಇಸಕೊಂಡು ಅಂಗಿ ಕಿಸೆದಾಗ ಇಟಗೊಂಡ.

ವಾಪಸ್ ಬಿಟ್ಟ ಕಣಕ್ಕ ಯಾರೂ ದಾರಿ ತೋರಸಂಗಿಲ್ಲಂತ.
ಮೈಯಾಗೆಲ್ಲ ತಿರುಗಿ, ಕತ್ತಲದಾಗ,
ತಾವೇ ಎಲುಬು ಹುಡುಕ್ಕೊಂಡು ಹೋಗ್ತಾವಂತ.
ಡಾಕ್ಟರ್ ಹೇಳಿದ್ದರಾಗ ಇದೊಂದು
ಮನಿಗಿ ಹೋದ್ರೂ ಬಿಡಲಿಲ್ಲ ನನಗ.

ಮೂರು ಗಂಟೆಕ್ಕ ಪರೀಕ್ಷಾ ತಟ್ಟಿದಾಗ
ಒಂದು ಕುಳಿ ಹಳದಿ ತಿರುಗಿತು.
ಕೆಂಪು ಪಟ್ಟಿ ತಗೊಂಡೆ.
ಒಂದೀಟು ತಡದು ಹಚ್ಚಿದೆ.

ಹೊರಗ ಜೈನಬ್, ತುಟಿಗಿ ಬಣ್ಣ ಬಂದಾಕಿ,
ಬಾಳಿಹಣ್ಣು ತಿನ್ಕೋತ ಟಂಟಂ ಕಾಯ್ತಿದ್ದಳು.
ಗೇಟಿನ ಹತ್ರ ಒಂದು ಎಮ್ಮಿ.
ಅದರ ಕಡೆ ನೋಡಿ, ನನ್ನ ಕಡೆ ನೋಡಿ ಅಂದಳು:
"ಇನ್ನ ಇಪ್ಪತ್ತೊಂದು ದಿನ ಆಂಟಿ,
ನನಗ ದನದ ಮಾತು ತಿಳೀತಾವ."